ಉಮೆಸಲ್ಮಾಳ ಬೂದು ಪಡಸಾಲೆ

ಶಹಾಪುರದ ಪಂಚಶೀಲಾ ಟೀಚರ್ ಫೋನು ಮಾಡಿದಾಗ ಉಮೆಸಲ್ಮಾ ಸುರಪುರದ ಒಂದು ಹಿಟ್ಟಿನ ಗಿರಣಿಯ ಬಾಗಿಲಿಗೆ ಹಸಿರು ಎಣ್ಣೆಬಣ್ಣ ಬಳಿಯುತ್ತಿದ್ದಳು. ಮನೆಯ ಪಡಸಾಲೆಗೆ ಬಣ್ಣ ಮಾಡಿಸಬೇಕು ಎಂದಳು ಪಂಚಶೀಲಾ. ಬ್ರಷ್ಷನ್ನು ಡಬ್ಬದ ಅಂಚಿಗಿಟ್ಟು ಉಮೆಸಲ್ಮಾ ಕೇಳಿದಳು:

"ಯಾವ ಬಣ್ಣಾರಿ ಟೀಚರ್?"

"ಬೂದಿ ಬಣ್ಣ."

"ಗ್ವಾಡಿಗಿ ಬೂದಿ ಬಣ್ಣ. ಆತು. ಬಾಗಲಕ?"

"ಅದೇ."

"ಕಿಟಕಿಗಿ?"

"ಅದೂ ಅದೇ."

"ಮತ್ತ ಛತ್ತಿಗಿ?"

"ಆಪಾ, ನೀವು ಒಮ್ಮಿ ಬಂದು ಹೋಗ್ರಿ. ಫೋನಿನ್ಯಾಗ ಹೇಳಿದ್ರ ನೀವು ನಗ್ತೀರಿ" ಎಂದಳು ಪಂಚಶೀಲಾ.

ಉಮೆಸಲ್ಮಾ ಆಗಲೇ ನಗುತ್ತಿದ್ದಳು. ಆದರೂ ಮರುದಿನ ಬೆಳಗಿನ ಬಸ್ಸು ಹತ್ತಿದಳು.

ಪಂಚಶೀಲಾಳ ಮನೆ ಊರ ಹೊರಗಿನ ಹಳೆಯ ಕಾಲೊನಿಯಲ್ಲಿತ್ತು. ಹಿತ್ತಲಲ್ಲಿ ನಿಂತರೆ ಮಲಗಿದ ಬುದ್ಧನ ಆಕಾರದ ಬೆಟ್ಟ ಕಾಣುತ್ತಿತ್ತು. ಪಡಸಾಲೆಗೆ ಕಾಲಿಟ್ಟ ಉಮೆಸಲ್ಮಾ ಮೊದಲು ಕಂಡದ್ದು ಗುಲಾಬಿ ಗೋಡೆ. ಅದರ ಮೇಲೆ ನವಿಲಿನ ಗಡಿಯಾರ, ಮೂರು ಕ್ಯಾಲೆಂಡರು, ಪ್ಲಾಸ್ಟಿಕ್ ಹೂವಿನ ತೋರಣ. ಗಾಜಿನ ಶೋಕೇಸಿನಲ್ಲಿ ಬೊಂಬೆ, ಶಂಖ, ಶಾಲೆಯ ಬಹುಮಾನದ ಕಪ್ಪು, ಯಾರೋ ಕೊಟ್ಟ ತಾಜಮಹಲು. ಕೆಂಪು ಸೋಫಾದ ಮೇಲೆ ಹಳದಿ ಜಾಲರಿ. ನೆಲದ ತುಂಬ ದೊಡ್ಡ ದೊಡ್ಡ ಹೂವಿನ ಪ್ಲಾಸ್ಟಿಕ್ ಹಾಸು. ಇದರಲ್ಲಿ ತಪ್ಪೇನೂ ಇರಲಿಲ್ಲ. ಉಮೆಸಲ್ಮಾ ಬಣ್ಣ ಬಳಿದ ನೂರು ಮನೆಗಳಲ್ಲಿ ತೊಂಬತ್ತು ಹೀಗೇ ಇದ್ದವು.

ಪಂಚಶೀಲಾ ತನ್ನ ಮೊಬೈಲು ತೆಗೆದು ಚಿತ್ರ ತೋರಿಸಿದಳು. ಯಾವ ಯಾವುದೋ ದೇಶದ ಕೋಣೆಗಳು. ಒಂದರಲ್ಲೂ ಸಾಮಾನಿಲ್ಲ. ಬೂದು ಗೋಡೆ, ಬೂದು ಆಸನ, ಬೂದು ಪರದೆ, ಎಲ್ಲೋ ಒಂದು ಮೂಲೆಯಲ್ಲಿ ಒಂದು ಮಣ್ಣಿನ ಹೂಜಿ.

"ಎರಡು ವರ್ಷದಿಂದ ಕೂಡಿಸಿಟ್ಟೀನಿ ಆಪಾ. ನಾ ಗಣಿತ ಕಲಿಸ್ತೀನಿ. ಒಂದೊಂದು ಕ್ಲಾಸಿನ್ಯಾಗ ಅರವತ್ತೈದು ಹುಡುಗರು. ಸಂಜಿಕ ತಲಿ ಹಿಡಕೊಂಡು ಮನಿಗಿ ಬಂದ್ರ ಇಲ್ಲಿ ಗ್ವಾಡಿನೂ ಒದರ್ತಾವ. ನನಗ ಒಂದು ಸುಮ್ಮ ಕುಂತ ಕೋಣಿ ಬೇಕು."

ಸೋಫಾದ ಮೇಲೆ ಕೂತಿದ್ದ ಅವಳ ತಾಯಿ ಮೌನಮ್ಮ ಹೆಸರಿಗೆ ತಕ್ಕ ಹೆಂಗಸಲ್ಲ. "ಮನಿಗಿ ಯಾರರೆ ಬೂದಿ ಬಳೀತಾರೇನವ್ವ? ಬೂದಿ ಇರೋದು ಭಾಂಡೆ ತಿಕ್ಕಾಕ" ಎಂದಳು. ಎಪ್ಪತ್ತು ದಾಟಿದ ಆಕೆಗೆ ಎರಡೂ ಕಣ್ಣು ಮಸುಕು. ನರದ ದೋಷ, ಇನ್ನು ಪೂರ್ತಿ ಸರಿಹೋಗುವುದಿಲ್ಲ ಎಂದು ಯಾದಗಿರಿಯ ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು.

ಉಮೆಸಲ್ಮಾ ಮಾತ್ರ ಮೊಬೈಲನ್ನು ಕೈಯಿಂದ ಬಿಟ್ಟಿರಲಿಲ್ಲ. ಒಂದು ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, ಮತ್ತೆ ಹಿಗ್ಗಿಸಿ ನೋಡುತ್ತಿದ್ದಳು. ಇಪ್ಪತ್ತನಾಲ್ಕು ವರ್ಷ ಈ ಕೆಲಸ ಮಾಡಿದ್ದಳು. ಜನ ಕೇಳುತ್ತಿದ್ದದ್ದು ಎರಡೇ ಮಾತು: ಎಷ್ಟು ವರ್ಷ ಬಾಳತದ, ಬಾಜೂ ಮನೆಯವರದಕ್ಕಿಂತ ಮಿಂಚತದೇನು. ಗೋಡೆ ಸುಮ್ಮನಿರಬೇಕು ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

"ಮಾಡ್ತೀನ್ರಿ" ಎಂದಳು. "ಇಂಥದು ಎಂದೂ ಮಾಡಿಲ್ಲ. ಅದಕ್ಕೇ ಮಾಡ್ತೀನಿ."

ಈ ಧೈರ್ಯ ಅವಳಿಗೆ ಹೊಸದಲ್ಲ. ಅವಳ ತಂದೆ ಉಸ್ಮಾನಸಾಬ ಸುರಪುರದ ರಂಗಂಪೇಟೆಯಲ್ಲಿ ಹೆಸರಾದ ಪೇಂಟರು. ಉಮೆಸಲ್ಮಾಗೆ ಹದಿನೇಳು ತುಂಬಿದ ವರ್ಷ ಅವನು ಕೆಲಸದ ಅಟ್ಟಣಿಗೆಯಿಂದ ಬಿದ್ದು ಬಲಭುಜ ಮುರಿದುಕೊಂಡ. ಮೂಳೆ ಕೂಡಿತು, ಕೈ ಮೇಲೇಳಲಿಲ್ಲ. ಒಪ್ಪಿಕೊಂಡಿದ್ದ ಮದುವೆಮನೆಯೊಂದರ ಬಣ್ಣದ ಕೆಲಸ ಅರ್ಧಕ್ಕೆ ನಿಂತಿತ್ತು. ಮಗಳು ಅಪ್ಪನ ಅಂಗಿಯನ್ನು ತನ್ನ ಕುರ್ತಾದ ಮೇಲೆ ಹಾಕಿಕೊಂಡು, ತಲೆಗೆ ಓಢಣಿ ಬಿಗಿದು, ಏಣಿ ಹತ್ತಿದಳು. ಮನೆಯ ಯಜಮಾನ ಕೆಳಗೆ ನಿಂತು, "ಹೆಣ್ಣಹುಡುಗಿ ಏಣಿ ಹತ್ತಿದ್ರ ಮಂದಿ ಏನಂತಾರ?" ಎಂದ. "ಬಣ್ಣ ಛಲೋ ಆತು ಅಂತಾರ" ಎಂದು ಅವಳು ಮೇಲಿಂದಲೇ ಹೇಳಿದಳು. ಹಾಗೆಯೇ ಅಂದರು. ಅಲ್ಲಿಂದ ಕೊಡೇಕಲ್ಲಿನ ಅಂಗಡಿಗಳು, ಬೋನಾಳದ ಶಾಲೆಯ ಕಾಂಪೌಂಡು, ಸುರಪುರದ ಅರ್ಧದಷ್ಟು ಓಣಿಗಳು ಅವಳ ಕೈಯಲ್ಲಿ ಬಣ್ಣ ಕಂಡವು. ಮದುವೆಯಾದದ್ದು ಫಿರೋಜನನ್ನು. ಅವನ ಕೆಲಸ ಕಲ್ಲಿನ ನೆಲಕ್ಕೆ ಮಷಿನ್ನಿನಿಂದ ಪಾಲಿಶ್ ಹೊಡೆಯುವುದು. ಅವನು ನೆಲ ನೋಡುತ್ತ, ಅವಳು ಗೋಡೆ ನೋಡುತ್ತ ಒಂದೇ ಮನೆಯಲ್ಲಿ ಪರಿಚಯವಾಗಿದ್ದರು.

ಪಡಸಾಲೆಯ ಕೆಲಸ ಶುರುವಾದದ್ದು ದಸರಾ ರಜೆಯಲ್ಲಿ. ಮೊದಲ ದಿನ ಸಾಮಾನು ಖಾಲಿ ಮಾಡುವುದರಲ್ಲೇ ಹೋಯಿತು. ಶೋಕೇಸನ್ನು ಪಂಚಶೀಲಾಳ ತಂಗಿ ಒಯ್ದಳು. ಸೋಫಾ ಒಳಕೋಣೆ ಸೇರಿತು. ಒಂದೊಂದು ವಸ್ತು ಹೊರಗೆ ಹೋದಾಗಲೂ ಮೌನಮ್ಮ ಅದನ್ನು ಕೈಯಿಂದ ಮುಟ್ಟಿ, ಅದು ಯಾವಾಗ ಬಂತು, ಯಾರು ಕೊಟ್ಟರು ಎಂದು ಹೇಳಿಯೇ ಕಳಿಸುತ್ತಿದ್ದಳು. ಕೊನೆಗೆ ಗೋಡೆಯ ಮೇಲೆ ಉಳಿದದ್ದು ನೀಲಿ ಕೋಟಿನ ಬಾಬಾಸಾಹೇಬರ ದೊಡ್ಡ ಫೋಟೊ. ಮೌನಮ್ಮ ಎದ್ದು ಅದರ ಕೆಳಗೆ ಹೋಗಿ ನಿಂತಳು.

"ಇದು ಇಲ್ಲಿಂದ ಕದಲಂಗಿಲ್ಲ, ಹೇಳಿರ್ತೀನಿ."

"ನಾ ಕದಲಸ್ತೀನಿ ಅಂತ ಯಾವಾಗ ಅಂದೆ ಯವ್ವಾ?" ಎಂದಳು ಪಂಚಶೀಲಾ. "ಬಳಿಯೋತನಕ ಒಳಗಿರ್ತದ. ಆಮ್ಯಾಲ ಅದೇ ಜಾಗಾಕ್ಕ ಬರ್ತದ. ಕೋಣ್ಯಾಗ ಅದೊಂದು ನೀಲಿ ಇರ್ತದ."

ಉಮೆಸಲ್ಮಾ ಹೂಂಗುಟ್ಟಿದಳು. ಸುತ್ತ ಎಲ್ಲ ಬೂದುಬಣ್ಣವಾದರೆ ಆ ನೀಲಿ ಇನ್ನೂ ಎದ್ದು ಬರುತ್ತದೆ ಎಂದು ಅವಳಿಗೆ ಆಗಲೇ ಕಂಡಿತ್ತು.

ಆಮೇಲೆ ಅವಳೂ ಪಂಚಶೀಲಾಳೂ ಸೇರಿ ಪ್ಲಾಸ್ಟಿಕ್ ಹಾಸನ್ನು ಸುರುಳಿ ಸುತ್ತಿದರು. ಕೆಳಗೆ ಹದಿನೈದು ವರ್ಷದಿಂದ ಬೆಳಕು ಕಾಣದ ಶಹಾಬಾದ್ ಫರಸಿಕಲ್ಲಿನ ನೆಲ. ಧೂಳು, ಅಂಟು, ಎಣ್ಣೆಯ ಕಲೆ. ಉಮೆಸಲ್ಮಾ ಒಂದು ಬಕೀಟು ನೀರು ತಂದು ಸುರಿದು, ತೆಂಗಿನ ನಾರಿನಿಂದ ಒಂದು ಮೂಲೆ ಉಜ್ಜಿದಳು. ಕಲ್ಲು ಹೊಳೆಯಿತು. ಬರೇ ಬೂದು ಅಲ್ಲ ಅದು. ಒಂದು ಕಲ್ಲಿನಲ್ಲಿ ಮೋಡದ ಬಣ್ಣ, ಪಕ್ಕದ್ದರಲ್ಲಿ ಪಾರಿವಾಳದ ಕೊರಳು, ಇನ್ನೊಂದರಲ್ಲಿ ತಣ್ಣಗಾದ ಒಲೆಯ ಬಣ್ಣ.

"ಟೀಚರ್, ಇಲ್ಲಿ ಬರ್ರಿ, ಬರ್ರಿ!" ಅವಳು ಕೂಗಿದ ಕೂಗಿಗೆ ಪಂಚಶೀಲಾ ಹಾವು ಬಂತೇನೋ ಎಂದು ಓಡಿ ಬಂದಳು. "ನಿಮ್ಮ ಬಣ್ಣ ನಿಮ್ಮ ಕಾಲಾಗೇ ಬಿದ್ದದ! ಮೊಬೈಲಿನ್ಯಾಗ ಯಾಕ ಹುಡುಕ್ತೀರಿ? ಈ ಕಲ್ಲಿನ ಬಣ್ಣಾನೇ ಗ್ವಾಡಿಗಿ ಹತ್ತಿಸ್ತೀನಿ ನಾ!"

ಇಬ್ಬರೂ ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತು, ಮಕ್ಕಳ ಹಾಗೆ ಕಲ್ಲು ಕಲ್ಲಿಗೆ ನೀರು ಚಿಮುಕಿಸಿ ನೋಡಿದರು. ಫಿರೋಜ್ ಮರುದಿನ ಮಷಿನ್ನು ತಂದು ಪಾಲಿಶ್ ಹೊಡೆದುಕೊಟ್ಟ.

ಮುಂದಿನ ಕೆಲಸ ಗೋಡೆ ಕೆರೆಯುವುದು. ಈ ಗೋಡೆಗೆ ಸುಣ್ಣದಲ್ಲೇ ಬಣ್ಣ ಕಲಸಬೇಕು ಎಂದು ಉಮೆಸಲ್ಮಾ ನಿಶ್ಚಯಿಸಿದ್ದಳು. ಅಂಗಡಿಯ ಬಣ್ಣ ಗೋಡೆಯ ಮೇಲೆ ಹಾಳೆಯಂತೆ ಕೂರುತ್ತದೆ. ಸುಣ್ಣ ಗೋಡೆಯ ಒಳಗಿಳಿಯುತ್ತದೆ, ಮಿಂಚುವುದಿಲ್ಲ. ಆದರೆ ಸುಣ್ಣ ಹಿಡಿಯಬೇಕಾದರೆ ಹಳೆಯ ಪದರು ಪೂರ್ತಿ ಹೋಗಬೇಕು. ತಗಡಿನ ಪಟ್ಟಿ ಹಿಡಿದು ಕೆರೆಯುತ್ತ ಹೋದಂತೆ ಗುಲಾಬಿಯ ಕೆಳಗೆ ತಿಳಿನೀಲಿ, ಅದರ ಕೆಳಗೆ ಹಸಿರು, ಆಮೇಲೆ ಹಳದಿ. ಬಾಗಿಲಲ್ಲಿ ಕೂತ ಮೌನಮ್ಮ, "ಈಗ ಯಾವುದು ಬಂತವ್ವ?" ಎಂದು ಕೇಳುತ್ತಿದ್ದಳು. ಹಸಿರು ಎಂದರೆ, "ಅದು ನಮ್ಮ ಮನ್ಯಾಗಿನವ್ರು ತಹಸೀಲ ಆಫೀಸಿನ್ಯಾಗ ಪರ್ಮನೆಂಟ್ ಆದ ವರ್ಷ" ಎನ್ನುವಳು. ಹಳದಿ ಎಂದರೆ, "ಹಳದೀನೂ ಬಂತಾ? ಅದು ನಾ ಲಗ್ನ ಆಗಿ ಬಂದಾಗಿಂದು." ಕೆರೆದ ಪುಡಿಯಿಂದ ಒಂದು ಹಳದಿ ಚಕ್ಕೆ ಆರಿಸಿ ಕೈಗೆ ಕೊಟ್ಟಾಗ ಮೂಗಿನ ಹತ್ತಿರ ತಂದು ಮೂಸಿದಳು.

ಬಣ್ಣ ಕಲಸುವುದರಲ್ಲಿ ಉಮೆಸಲ್ಮಾ ಎರಡು ಸಲ ಸೋತಳು. ಮೊದಲ ಬೂದು ಮಧ್ಯಾಹ್ನದ ಬೆಳಕಿಗೆ ನೀಲಿ ಹೊಡೆಯಿತು. ಎರಡನೆಯದಕ್ಕೆ ಇನ್ನಷ್ಟು ಕರಿಪುಡಿ ಹಾಕಿದಳು. ಒಣಗಿದ ಮೇಲೆ ಹೊಗೆ ಹಿಡಿದ ಅಡುಗೆಮನೆಯ ಹಾಗೆ ಕಂಡಿತು. ಪಂಚಶೀಲಾಳ ಮುಖ ಸಣ್ಣದಾಯಿತು. ಉಮೆಸಲ್ಮಾ ಫರಸಿಯ ಒಂದು ಒಡಕು ತುಂಡನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಸುರಪುರಕ್ಕೆ ಬಂದು, ಅಪ್ಪನ ಮುಂದಿಟ್ಟಳು.

ಮನೆಯಲ್ಲಿ ಅವರದು ದಖ್ಖನಿ ಉರ್ದು ಮಾತು. ಬಣ್ಣದ ವಿಷಯ ಬಂದರೆ ಮಾತ್ರ ಉಸ್ಮಾನಸಾಬ ಕನ್ನಡಕ್ಕೆ ತಿರುಗುತ್ತಿದ್ದ. ಅವನಿಗೆ ಗೋಡೆಯ ಕೆಲಸ ಕಲಿಸಿದವಳು ಮಣ್ಣಿನ ಮನೆಗಳಿಗೆ ಸುಣ್ಣ ಕೆಮ್ಮಣ್ಣು ಸಾರಿಸುತ್ತಿದ್ದ ತಿಮ್ಮವ್ವ ಎಂಬ ಮುದುಕಿ. ಆಕೆ ಬೈದದ್ದೂ ಕನ್ನಡದಲ್ಲೇ, ಕಲಿಸಿದ್ದೂ ಕನ್ನಡದಲ್ಲೇ. ಅವನು ಕಲ್ಲನ್ನು ಕಿಟಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಕರೀದು ಬಿಳೀದು ಕೂಡಿದ್ರ ಬೂದಿ ಆಗ್ತದ ಅಂತ ನಿನಗ ಯಾರು ಹೇಳಿದ್ರು?"

"ಮತ್ತೇನು ಆಗ್ತದ ಅಬ್ಬಾ?"

"ಹೆಣದ ಬಣ್ಣ ಆಗ್ತದ. ಈ ಕಲ್ಲಿನ್ಯಾಗ ನೆತ್ತರ ಅದ, ನೋಡು. ಚಿಟಿಕಿ ಕೆಮ್ಮಣ್ಣು ಹಾಕು. ಚಿಟಿಕಿ ಅಂದ್ರ ಚಿಟಿಕಿ, ಮುಷ್ಟಿ ಅಲ್ಲ."

ಉಮೆಸಲ್ಮಾ ಅಲ್ಲೇ ಅಂಗಳದಲ್ಲಿ ಡಬ್ಬಗಳನ್ನು ಹರವಿದಳು. ರಟ್ಟಿನ ಹದಿನಾಲ್ಕು ತುಂಡು ಕತ್ತರಿಸಿ, ಹದಿನಾಲ್ಕು ತರಹ ಕಲಸಿ ಬಳಿದು ಬಿಸಿಲಿಗಿಟ್ಟಳು. ಸುಣ್ಣದ ಬಣ್ಣಕ್ಕೆ ಒಂದು ಗುಣವಿದೆ: ಹಸಿ ಇದ್ದಾಗ ಗಾಢ, ಒಣಗಿದರೆ ತಿಳಿ. ಎಷ್ಟು ತಿಳಿಯಾಗುತ್ತದೆ ಎಂದು ಕಾದೇ ನೋಡಬೇಕು. ಅವಳಿಗೆ ಕಾಯಲು ಆಗಲಿಲ್ಲ. ಒಳಗೆ ಹೋಗುವಳು, ಹೊರಗೆ ಬರುವಳು, ರೊಟ್ಟಿ ತಟ್ಟುತ್ತ ತಟ್ಟುತ್ತ ಎದ್ದು ಹೋಗಿ ಬೆರಳಿನಿಂದ ಮುಟ್ಟುವಳು. ಹಂಚಿನ ಮೇಲೆ ಒಂದು ರೊಟ್ಟಿ ಕರಕಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಒಂದೊಂದೇ ರಟ್ಟನ್ನು ಕಲ್ಲಿನ ಪಕ್ಕ ಹಿಡಿದಳು. ಒಂಬತ್ತನೆಯದು ಕೆಂಪಾಯಿತು. ಹತ್ತನೆಯದು ಹತ್ತಿರ ಬಂತು. ಹನ್ನೊಂದನೆಯದನ್ನು ಹಿಡಿದಾಗ ರಟ್ಟು ಎಲ್ಲಿ ಮುಗಿಯಿತು, ಕಲ್ಲು ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ.

"ಅಬ್ಬಾ! ಹತ್ತಿತು! ಹತ್ತಿತು ನೋಡು!"

ಓಣಿಯ ಮೂರು ಮನೆಯವರು ಏನಾಯಿತೆಂದು ಹೊರಗೆ ಬಂದರು. ಕೈಯಲ್ಲಿ ಒಂದು ಬೂದಿ ಬಣ್ಣದ ರಟ್ಟು ಹಿಡಿದು ಕುಣಿಯುತ್ತಿದ್ದ ನಲವತ್ತೊಂದು ವರ್ಷದ ಹೆಂಗಸನ್ನು ನೋಡಿ ಒಳಗೆ ಹೋದರು.

ಆ ವಾರ ಪಡಸಾಲೆ ಕಣ್ಣೆದುರೇ ಬದಲಾಯಿತು. ಮೊದಲ ಕೋಟು, ಎರಡನೇ ಕೋಟು, ಮೂರನೇದು. ಕೈಗೆ ಹತ್ತದಂತೆ ಸುಣ್ಣಕ್ಕೆ ಗೋಂದು ಸೇರಿಸಿದ್ದಳು. ಬಾಗಿಲು ಕಿಟಕಿಗಳಿಗೆ ಅದೇ ಬಣ್ಣದ ಎಣ್ಣೆಬಣ್ಣ. ಬಡಿಗ ಹಣಮೇಶ ಕೆಂಪು ಸೋಫಾ ಇದ್ದ ನಡುಜಾಗಕ್ಕೆ ಮಂಚದಂಥ ಒಂದು ತಗ್ಗಾದ ದಿವಾನ ಮಾಡಿ ತಂದ, ಅದಕ್ಕೂ ಅದೇ ಬೂದು. ಯಾದಗಿರಿಯಿಂದ ಪರದೆಯ ಬಟ್ಟೆ ಬಂತು. ಪಂಚಶೀಲಾ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಬಾಗಿಲಲ್ಲಿ ನಿಂತು ನೋಡುವಳು. ಬೆಳಗ್ಗೆ ಗೋಡೆ ಬೆಳ್ಳಗೆ, ಮಧ್ಯಾಹ್ನ ಕಲ್ಲಿನ ಹಾಗೆ, ಹೊತ್ತು ಇಳಿದಾಗ ಮೆತ್ತಗೆ ಕಂದು ಸೇರಿದ ಹಾಗೆ ಕಾಣುತ್ತಿತ್ತು.

"ಒಂದೇ ಬಣ್ಣ ಅಂದಿದ್ದೆ ನಾನು," ಎಂದಳು. "ನೀವು ದಿನಕ್ಕ ಮೂರು ಬಣ್ಣ ಕೊಟ್ಟೀರಿ ಆಪಾ."

ಆಪತ್ತು ಬಂದದ್ದು ಎಲ್ಲ ಮುಗಿಯಿತು ಎನ್ನುವ ದಿನ. ಬೆಳಗ್ಗೆ ಮೌನಮ್ಮ ಒಳಕೋಣೆಯಿಂದ ಪಡಸಾಲೆಗೆ ಬಂದಳು. ಕೆಂಪು ಸೋಫಾ ಇದ್ದಾಗ ಅದರ ಕೆಂಪು ಅವಳಿಗೆ ಮಸುಕಾಗಿಯಾದರೂ ಕಾಣುತ್ತಿತ್ತು. ಅದನ್ನು ಸುತ್ತುಬಳಸಿ ನಡೆಯುತ್ತಿದ್ದಳು. ಈಗ ನೆಲ ಬೂದು, ಗೋಡೆ ಬೂದು, ದಿವಾನವೂ ಬೂದು. ದಿವಾನದ ಅಂಚು ಮೊಣಕಾಲಿನ ಕೆಳಗೆ ಬಡಿದು ಅವಳು ಎರಡೂ ಕೈ ಊರಿ ಮುಂದಕ್ಕೆ ಬಿದ್ದಳು. ಮೂಳೆ ಮುರಿಯಲಿಲ್ಲ, ಕಾಲು ಬಾತುಕೊಂಡಿತು.

ಉಮೆಸಲ್ಮಾ ಬಸ್ಸಿಳಿದು ಬಂದಾಗ ಪಂಚಶೀಲಾ ತಾಯಿಯ ಕಾಲಿಗೆ ಅರಿಶಿನ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನ ಹುಚ್ಚಿಗಿ ನಮ್ಮವ್ವನ ಕಾಲು ಮುರೀತಿತ್ತು. ಸಾಕು ಆಪಾ. ಬಿಳೀದು ಬಳದುಬಿಡ್ರಿ. ಸೋಫಾ ಹೊರಗ ತರ್ತೀನಿ."

ಉಮೆಸಲ್ಮಾ ಇಷ್ಟು ದಿನ ಬೆಳಕು ನೋಡಿದ್ದಳು, ಕಲ್ಲು ನೋಡಿದ್ದಳು. ಆ ಕೋಣೆಯಲ್ಲಿ ದಿನವಿಡೀ ಇರುವವಳ ಕಣ್ಣು ನೋಡಿರಲಿಲ್ಲ. ತಪ್ಪು ತನ್ನದು ಎಂದು ಅವಳಿಗೆ ತಿಳಿಯಿತು. ಅವಳು ಹೋಗಿ ಮೌನಮ್ಮನ ಪಕ್ಕ ನೆಲದ ಮೇಲೆ ಕೂತಳು.

"ಯವ್ವಾ, ನಿಮಗ ಈ ಕೋಣ್ಯಾಗ ಏನು ಕಾಣ್ತದ, ನನಗ ಹೇಳ್ರಿ."

"ಕಾವಳ ಕಾಣ್ತದ, ನಸುಕಿನ್ಯಾಗ ಮಂಜು ಬಿದ್ದಂಗ."

"ಬರೇ ಕಾವಳ?"

"ಕಾವಳದಾಗ ಎಮ್ಮಿ ನಿಂತ್ರ ಕಾಣ್ತದವ್ವ. ಕರೀದು ಇರ್ತದಲ್ಲ. ನೀವು ಎಮ್ಮಿಗೂ ಬೂದಿ ಬಳದ್ರ ನಾ ಏನು ಮಾಡ್ಲಿ?"

ಉಮೆಸಲ್ಮಾ ಎದ್ದು ನಿಂತಳು. ಅವಳ ಚೀಲದಲ್ಲಿ ಆ ಹದಿನಾಲ್ಕು ರಟ್ಟು ಇನ್ನೂ ಇದ್ದವು. "ಟೀಚರ್, ಒಂದು ತಾಸು ಕೊಡ್ರಿ ನನಗ. ಆಮ್ಯಾಲ ಬಿಳೀದು ಅಂದ್ರ ಬಿಳೀದು" ಎಂದಳು.

ಒಂದು ರಟ್ಟನ್ನು ಗೋಡೆಗೆ ಹಿಡಿದು, ಮೌನಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ಕೇಳಿದಳು. "ಕಾಣ್ತದೇನ್ರಿ?" ಇಲ್ಲ. ಅದಕ್ಕಿಂತ ಗಾಢವಾದದ್ದು ಹಿಡಿದಳು. ಇಲ್ಲ. ಇನ್ನೂ ಗಾಢ. "ಏನೋ ಅದ." ಹದಿನಾಲ್ಕರಲ್ಲೂ ಕೊನೆಯದನ್ನು, ಮೊದಲು ಗೋಡೆಯ ಮೇಲೆ ಸೋತಿದ್ದ ಹೊಗೆಬಣ್ಣದಂಥದನ್ನು, ಹಿಡಿದಾಗ ಮೌನಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಅಗ್ದೀ ಕಾಣ್ತದ! ಚೌಕ ಅದ. ಬಾಜೂಕ ನಿನ್ನ ಕೈ ಅದ!" ಪಂಚಶೀಲಾಳೂ ಎದ್ದು ಬಂದಳು. ಮೂವರೂ ಸೇರಿ ಬಾಗಿಲ ಹತ್ತಿರ, ಕಿಟಕಿಯ ಹತ್ತಿರ, ನೆಲದ ಮೇಲೆ ಇಟ್ಟಿಟ್ಟು ನೋಡಿದರು. ಮೌನಮ್ಮನಿಗೆ ಆಟ ರುಚಿಸಿತು. ಕಾಲುನೋವು ಮರೆತು, "ಇಲ್ಲಿ ಹಿಡಿ, ಅಲ್ಲಿ ಹಿಡಿ, ಅದು ಬ್ಯಾಡ, ಹಿಂದಿಂದು ತಾ" ಎಂದು ಹುಕುಂ ಮಾಡತೊಡಗಿದಳು. ಒಂದು ತಾಸು ಮೂರು ತಾಸಾಯಿತು. ಬಿಳಿಯ ಮಾತು ಯಾರೂ ಎತ್ತಲಿಲ್ಲ.

ಬಣ್ಣ ಒಂದೇ ಇರಲಿ, ತೂಕ ಬೇರೆಯಾಗಲಿ ಎಂಬುದು ಹೊಸ ಲೆಕ್ಕಾಚಾರ. ಗೋಡೆ ಹಗುರ ಬೂದು. ದಿವಾನದ ಮೈ ನಡುವಿನದು. ಅದರ ಅಂಚಿಗೆ, ಬಾಗಿಲ ಚೌಕಟ್ಟಿಗೆ, ಹೊಸ್ತಿಲಿಗೆ, ದೀಪದ ಸ್ವಿಚ್ಚಿನ ಸುತ್ತ ಕಾವಳದ ಎಮ್ಮೆಯ ಬಣ್ಣ. ದಿವಾನವನ್ನು ನಡುವಿನಿಂದ ತೆಗೆದು ಗೋಡೆಗೆ ಹತ್ತಿಸಿದರು. ಹಣಮೇಶ ಬಂದು ಅದರ ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿದ. ಇಷ್ಟಕ್ಕೇ ಉಮೆಸಲ್ಮಾ ನಿಲ್ಲಲಿಲ್ಲ. ಮೌನಮ್ಮ ನಡೆಯುವಾಗ ಬಲಗೈ ಗೋಡೆ ಹುಡುಕುವುದನ್ನು ಅವಳು ಗಮನಿಸಿದ್ದಳು. ಒಳಕೋಣೆಯ ಬಾಗಿಲಿನಿಂದ ತಲಬಾಗಿಲ ತನಕ, ಆ ಕೈಯ ಎತ್ತರಕ್ಕೆ ಸರಿಯಾಗಿ, ಗೇಣಗಲದ ದಪ್ಪ ಸುಣ್ಣದ ಪಟ್ಟಿ ಹಚ್ಚಿ, ಅದು ಹಸಿ ಇರುವಾಗಲೇ ತನ್ನ ಕಟ್ಟಿಗೆಯ ಬಾಚಣಿಗೆಯನ್ನು ಎಳೆದಳು. ಉತ್ತ ಹೊಲದ ಸಾಲಿನ ಹಾಗೆ ಗೆರೆಗಳು ಮೂಡಿದವು. ದಿವಾನ ಬರುವಲ್ಲಿ ಗೆರೆಗಳನ್ನು ಅಡ್ಡ ತಿರುಗಿಸಿದಳು. ಬಣ್ಣ ಅದೇ ಬೂದು. ದೂರದಿಂದ ನೋಡಿದವರಿಗೆ ಗೋಡೆಯ ಮೇಲೆ ಒಂದು ಸಣ್ಣ ನೆರಳು, ಅಷ್ಟೆ.

ಮೌನಮ್ಮ ಈಗ ತನ್ನ ಪಾಲು ಕೇಳಿದಳು. "ದಿವಾನದ ಮ್ಯಾಲ ಏನು ಹಾಸ್ತೀರಿ? ಅಂಗಡಿಯಿಂದು ಬ್ಯಾಡ. ಟ್ರಂಕಿನ್ಯಾಗ ನಿಮ್ಮಪ್ಪನ ಸಫಾರಿ ಅವ."

ಪಂಚಶೀಲಾಳ ತಂದೆ ಇದ್ದಷ್ಟು ದಿನ ಆಫೀಸಿಗೆ ಹಾಕಿಕೊಂಡು ಹೋದದ್ದು ಬೂದು ಸಫಾರಿ ಒಂದೇ. ಹೊಸದು ಹೊಲಿಸಿದಾಗಲೂ ಅದೇ ಬಣ್ಣ. ಟ್ರಂಕಿನಿಂದ ನಾಲ್ಕು ಜೊತೆ ಹೊರಬಂದವು. ಒಂದು ತೊಳೆದು ತೊಳೆದು ಬಿಳಿಚಿತ್ತು, ಒಂದು ಇನ್ನೂ ಗಾಢ. ಪಂಚಶೀಲಾ ಕತ್ತರಿಸಿ ಸೂಜಿಗೆ ದಾರ ಪೋಣಿಸಿ ಕೊಟ್ಟಳು, ಮೌನಮ್ಮ ಬೆರಳಿನಿಂದ ಅಳೆದು ಅಳೆದು ಕೌದಿ ಹೊಲಿದಳು. ಕಣ್ಣು ಬೇಕಿರಲಿಲ್ಲ ಅವಳಿಗೆ; ನಲವತ್ತು ಕೌದಿ ಹೊಲಿದ ಕೈ ಅದು. ಒಂದು ತುಂಡಿನಲ್ಲಿ ಕಿಸೆಯನ್ನು ಹಾಗೇ ಬಿಟ್ಟಳು. "ಇರ್ಲಿ ಬಿಡು, ಅಡಿಕಿ ಇಟ್ಟುಕೊಳ್ಳಾಕ ಬರ್ತದ" ಎಂದಳು.

ರಜೆಯ ಕೊನೆಯ ಭಾನುವಾರ ಫೋಟೊ ತನ್ನ ಜಾಗಕ್ಕೆ ಮರಳಿತು. ಬೂದು ಗೋಡೆಯ ಮೇಲೆ ಆ ನೀಲಿ ಕೋಟು ಇಸ್ತ್ರಿ ಮಾಡಿಟ್ಟಂತೆ ಹೊಸದಾಗಿ ಕಂಡಿತು. ಎಲ್ಲರೂ ತಲಬಾಗಿಲಲ್ಲಿ ನಿಂತರು: ಪಂಚಶೀಲಾ, ಉಮೆಸಲ್ಮಾ, ಫಿರೋಜ್, ಹಣಮೇಶ. ಒಳಕೋಣೆಯಿಂದ ಮೌನಮ್ಮ ಬಂದಳು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಕಪ್ಪು ಗೆರೆ ಕಂಡು ಕಾಲೆತ್ತಿ ದಾಟಿದಳು. ಬಲಗೈ ಗೋಡೆಯ ಗೆರೆಗಳ ಮೇಲೆ ಜಾರುತ್ತ ಬಂತು. ಗೆರೆ ಅಡ್ಡ ತಿರುಗಿದ ಕಡೆ ಅವಳ ಬೆರಳು ನಿಂತವು. ಅವಳು ನಿಧಾನಕ್ಕೆ ತಿರುಗಿ, ಹಿಂದೆ ನೋಡದೆ, ಗಂಡನ ಸಫಾರಿಗಳ ಕೌದಿಯ ಮೇಲೆ ಸರಿಯಾಗಿ ಕೂತಳು.

"ಕುಂತೆ ನೋಡ್ರಿ!" ಎಂದಳು, ಎರಡೂ ಕೈ ಮೇಲೆತ್ತಿ.

ಹಣಮೇಶ ಚಪ್ಪಾಳೆ ಹೊಡೆದ. ಪಂಚಶೀಲಾ ಓಡಿಹೋಗಿ ತಾಯಿಯ ಪಕ್ಕ ಕೂತು, ಅವಳ ಭುಜಕ್ಕೆ ಮುಖವಿಟ್ಟು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಉಮೆಸಲ್ಮಾ ಸುರಪುರಕ್ಕೆ ವಿಡಿಯೊ ಕಾಲ್ ಮಾಡಿ ಅಪ್ಪನಿಗೆ ನಾಲ್ಕೂ ಗೋಡೆ ತೋರಿಸಿದಳು. "ಮೂಲ್ಯಾಗ ಒಂದು ಕಡೆ ಬ್ರಷ್ ಎಳದದ್ದು ಕಾಣ್ತದ," ಎಂದ ಉಸ್ಮಾನಸಾಬ. ಆಮೇಲೆ, "ಮತ್ತೊಮ್ಮಿ ತೋರಿಸು. ಬಾಗಲದ ಕಡಿಂದ ತೋರಿಸು," ಎಂದ. ಮೂರು ಸಲ ತೋರಿಸಬೇಕಾಯಿತು.

ಕಾಲೊನಿಯ ಮಂದಿ ನೋಡಲು ಬಂದರು. ಮೊದಲು ಬಂದವಳು ಪಕ್ಕದ ಮನೆಯ ಸಾವಿತ್ರಿಬಾಯಿ. "ಸಿಮೆಂಟ್ ಮಾಡಿ ಬಿಟ್ಟೀರಲ್ಲ, ಬಣ್ಣ ಯಾವಾಗ ಹಚ್ಚಸ್ತೀರಿ?" ಎಂದು ಕೇಳಿ ದಿವಾನದ ಮೇಲೆ ಕೂತಳು. ಚಹಾ ಬಂತು, ಕುಡಿದಳು. ಆಮೇಲೆ ಅರ್ಧ ತಾಸು ಏನೂ ಮಾತಾಡದೆ ಹಾಗೇ ಕೂತಿದ್ದಳು. ಸಾವಿತ್ರಿಬಾಯಿ ಅರ್ಧ ತಾಸು ಮಾತಾಡದೆ ಕೂತದ್ದನ್ನು ಆ ಕಾಲೊನಿಯಲ್ಲಿ ಯಾರೂ ನೋಡಿರಲಿಲ್ಲ.

ಮುಂದಿನ ತಿಂಗಳು ತೋರಿಸಲು ಹೋದಾಗ ಮೌನಮ್ಮ ಯಾದಗಿರಿಯ ಕಣ್ಣಿನ ಡಾಕ್ಟರಿಗೆ ಈ ಕಥೆಯನ್ನೆಲ್ಲ ಹೇಳಿದಳು. ಎಮ್ಮೆಯನ್ನೂ ಬಿಡಲಿಲ್ಲ. ಡಾಕ್ಟರು ಪಂಚಶೀಲಾಳ ಮೊಬೈಲಿನಲ್ಲಿ ಚಿತ್ರ ನೋಡಿದರು, ಗೋಡೆಯ ಪಟ್ಟಿಯನ್ನು ಹಿಗ್ಗಿಸಿ ನೋಡಿದರು, "ಇದನ್ನ ಮಾಡಿದ ಎಂಜಿನಿಯರು ಯಾರು?" ಎಂದರು.

"ಎಂಜಿನಿಯರ್ ಅಲ್ರಿ. ನಮ್ಮ ಉಮೆಸಲ್ಮಾ" ಎಂದಳು ಮೌನಮ್ಮ.

ಡಾಕ್ಟರು ತಮ್ಮ ಆಸ್ಪತ್ರೆಯ ಓಣಿಯಂಥ ಉದ್ದನೆಯ ಹಾದಿಗೆ, ರೋಗಿಗಳು ಕೂರುವ ಜಾಗಕ್ಕೆ ಅಂಥದೇ ಬೇಕೆಂದರು. ಉಮೆಸಲ್ಮಾ ಇಷ್ಟು ವರ್ಷದಲ್ಲಿ ಯಾದಗಿರಿಯಲ್ಲಿ ಒಂದು ಗೋಡೆಯನ್ನೂ ಮುಟ್ಟಿರಲಿಲ್ಲ. ಒಬ್ಬಳಿಂದ ಆಗುವ ಕೆಲಸವೂ ಅಲ್ಲ. ಅವಳು ತನ್ನ ಓಣಿಯ ಅಖ್ತರಬೇಗಂಳನ್ನೂ ದೇವಕಮ್ಮನನ್ನೂ ಕರೆದುಕೊಂಡು ಹೋದಳು. ಇಬ್ಬರೂ ಅದುವರೆಗೆ ಏಣಿ ಹತ್ತಿದವರಲ್ಲ. ದೇವಕಮ್ಮ ಮೊದಲ ದಿನ ನಾಲ್ಕನೇ ಮೆಟ್ಟಿಲಲ್ಲಿ ಕಣ್ಣು ಮುಚ್ಚಿಕೊಂಡಳು. ಮೂರನೇ ದಿನ ಮೇಲೆ ಕೂತು ಹಾಡು ಹೇಳುತ್ತಿದ್ದಳು. ಕೆಲಸಕ್ಕೆ ಮೊದಲು ಉಮೆಸಲ್ಮಾ ಬಾಗಿಲಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತು, ಬಂದ ರೋಗಿಗಳಿಗೆಲ್ಲ ರಟ್ಟು ಹಿಡಿದು "ಕಾಣ್ತದೇನ್ರಿ?" ಎಂದು ಕೇಳಿದಳು. ಕೆಲವರು ಅವಳನ್ನೇ ಡಾಕ್ಟರು ಎಂದು ತಿಳಿದು ಕಣ್ಣಿನ ಕಷ್ಟ ಹೇಳಿಕೊಂಡರು. ಹನ್ನೊಂದು ದಿನಕ್ಕೆ ಕೆಲಸ ಮುಗಿಯಿತು. ಈಗ ಅಲ್ಲಿಗೆ ಬರುವ ಮುದುಕರು ಗೋಡೆಯ ಗೆರೆ ಹಿಡಿದು ತಾವೇ ಡಾಕ್ಟರ ಬಾಗಿಲ ತನಕ ಹೋಗುತ್ತಾರೆ.

ಪಂಚಶೀಲಾ ಸಂಜೆ ಶಾಲೆಯಿಂದ ಬಂದು ಇಪ್ಪತ್ತು ನಿಮಿಷ ಪಡಸಾಲೆಯಲ್ಲಿ ಸುಮ್ಮನೆ ಕೂರುತ್ತಾಳೆ. ಆ ಇಪ್ಪತ್ತು ನಿಮಿಷ ಮೌನಮ್ಮನೂ ಬಾಯಿ ಮುಚ್ಚಿಕೊಂಡಿರುತ್ತಾಳೆ, ಅಥವಾ ಇರಲು ಪ್ರಯತ್ನ ಮಾಡುತ್ತಾಳೆ.

ಹೋದ ವಾರ ವಡಗೇರಾದಿಂದ ಹೊಸದಾಗಿ ಮನೆ ಕಟ್ಟಿಸಿದ ದಂಪತಿ ಉಮೆಸಲ್ಮಾಳನ್ನು ಹುಡುಕಿಕೊಂಡು ಬಂದಿದ್ದರು. ಅವರಿಗೆ ಬೂದು ಬೇಡವಂತೆ. ನೆಲ, ಗೋಡೆ, ಚಾವಣಿ, ಬಾಗಿಲು, ಎಲ್ಲಾ ಒಂದೇ ಹಳದಿ ಆಗಬೇಕಂತೆ, ಕುಸುಬೆ ಹೂವಿನ ಹಳದಿ. ಆಗುತ್ತದೋ ಇಲ್ಲವೋ ಎಂದು ಅವರು ಹೆದರುತ್ತಲೇ ಕೇಳಿದರು. ಉಮೆಸಲ್ಮಾ ಆಗಲೇ ರಟ್ಟು ಕತ್ತರಿಸಲು ಕತ್ತರಿ ಹುಡುಕುತ್ತಿದ್ದಳು.